ಕಳುಹಿಸುವ ಮಾತು: ‘ಡಿಸ್ಮಿಸ್ಸಲ್’ ಎಂಬ ಆಂಗ್ಲ ಪದವೂ ಅದರ ಇಟಾಲಿಯನ್ ಅನುವಾದವೂ

ನಮ್ಮ ಗುರುಮಠಗಳಲ್ಲಿ ದೈವಶಾಸ್ತ್ರವನ್ನು ಬಹುಮಟ್ಟಿಗೆ ಆಂಗ್ಲ ಭಾಷೆಯ ಮೂಲಕ ಕಲಿಯುತ್ತೇವೆ. ಬೋಧನೆಯನ್ನು ಕನ್ನಡದಲ್ಲಿ ಮಾಡುತ್ತೇವೆ. ರೋಮಿನಿಂದ ಬರುವ ದಾಖಲೆಗಳಲ್ಲಿ ಅನೇಕವು ಮೊದಲು ಇಟಾಲಿಯನ್ ಭಾಷೆಯಲ್ಲಿ ಸಿದ್ಧವಾಗಿ, ಅನಂತರ ಆಂಗ್ಲ ರೂಪದಲ್ಲಿ ನಮ್ಮ ಕೈಸೇರುತ್ತವೆ. ಹೀಗಾಗಿ ಆಂಗ್ಲ ಪದವೊಂದನ್ನು ಕನ್ನಡಕ್ಕೆ ತರುವವರು, ಅದೇ ಅರ್ಥವನ್ನು ಇಟಾಲಿಯನ್ ಭಾಷೆ ಹೇಗೆ ಹೇಳುತ್ತದೆ ಎಂಬುದನ್ನು ಗಮನಿಸಿದರೆ ಎಷ್ಟೋ ಗೊಂದಲಗಳು ತಿಳಿಯಾಗುತ್ತವೆ. ಈ ಲೇಖನದಲ್ಲಿ ಅಂತಹ ಒಂದು ಪದವನ್ನು ಪರಿಶೀಲಿಸುತ್ತೇವೆ. ಅದು ‘ಡಿಸ್ಮಿಸ್ಸಲ್’.

ಪದವು ಸಣ್ಣದು, ಆದರೆ ಅದು ಬರುವ ಸ್ಥಾನಗಳು ಸಣ್ಣವಲ್ಲ. ಬಲಿಪೂಜೆಯ ಕೊನೆಯಲ್ಲಿ ಜನರನ್ನು ಕಳುಹಿಸುವ ವಿಧಿಗೆ ಆಂಗ್ಲದಲ್ಲಿ ಇದೇ ಹೆಸರು. ಯಾಜಕನೊಬ್ಬನನ್ನು ಯಾಜಕ ಸ್ಥಾನದಿಂದ ತೆಗೆದುಹಾಕುವ ಶಿಕ್ಷೆಗೂ ಇದೇ ಹೆಸರು. ಮರಿಯಳನ್ನು ಗುಟ್ಟಾಗಿ ಬಿಟ್ಟುಬಿಡಬೇಕೆಂದು ಜೋಸೆಫನು ಯೋಚಿಸಿದ ಸಂಗತಿಯನ್ನು ಹೇಳುವಲ್ಲಿ 1989ರ ಹೊಸ ಪರಿಷ್ಕೃತ ಆಂಗ್ಲ ಭಾಷಾಂತರವು ಬಳಸುವುದೂ ಇದೇ ಪದದ ಕ್ರಿಯಾರೂಪವನ್ನು. ನೌಕರನನ್ನು ಕೆಲಸದಿಂದ ತೆಗೆಯುವುದು, ಶಾಲೆಯ ಮಕ್ಕಳನ್ನು ಸಂಜೆ ಮನೆಗೆ ಬಿಡುವುದು, ನ್ಯಾಯಾಲಯವು ದಾವೆಯನ್ನು ತಳ್ಳಿಹಾಕುವುದು, ಇವೆಲ್ಲವೂ ಆಂಗ್ಲಭಾಷಿಕನಿಗೆ ಒಂದೇ ಪದದಲ್ಲಿ ಅಡಗುತ್ತವೆ. ಇಟಾಲಿಯನ್ ಭಾಷೆಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಅನುವಾದಕನು ಮೊದಲು ಕೇಳಿಕೊಳ್ಳಬೇಕು: ಇಲ್ಲಿ ನಡೆಯುತ್ತಿರುವ ಕ್ರಿಯೆ ಯಾವುದು? ಯಾರು ಯಾರನ್ನು, ಏತಕ್ಕಾಗಿ ಕಳುಹಿಸುತ್ತಿದ್ದಾರೆ? ಆ ಪ್ರಶ್ನೆಗೆ ಉತ್ತರ ಕೊಡದೆ ಪದವನ್ನು ಆರಿಸಲಾಗದು. ಆ ಉತ್ತರವು ಹಲವು ಬಾರಿ ದೈವಶಾಸ್ತ್ರದ ಉತ್ತರವೇ ಆಗಿರುತ್ತದೆ ಎಂಬುದೇ ಇಲ್ಲಿ ನಾವು ತೋರಿಸಬಯಸುವ ವಿಷಯ.

ಇಟಾಲಿಯನ್ ಭಾಷೆಯ ಮೂರು ಪದಗಳು

ಮೊದಲನೆಯದು ‘ಲಿಚೆಂತ್ಸಿಯಮೆಂತೊ’. ಇಂದಿನ ಇಟಾಲಿಯನ್‌ನಲ್ಲಿ ಇದರ ಅರ್ಥ ನೌಕರಿಯಿಂದ ವಜಾ ಮಾಡುವುದು. ಇಟಲಿಯ 1970ರ ಕಾರ್ಮಿಕ ಶಾಸನದ 18ನೆಯ ಕಲಮು ಅನ್ಯಾಯದ ವಜಾಕ್ಕೆ ಪರಿಹಾರವನ್ನು ವಿಧಿಸಿದ್ದರಿಂದ, ಆ ದೇಶದ ಸಾರ್ವಜನಿಕ ಚರ್ಚೆಯಲ್ಲಿ ಈ ಪದವು ದಶಕಗಳ ಕಾಲ ಕಾವೇರಿದ ಪದವಾಗಿದೆ. ಆದರೆ ಇದರ ಮೂಲವು ‘ಲಿಚೆಂತ್ಸಾ’, ಎಂದರೆ ಅನುಮತಿ. ರೋಮಿನಲ್ಲಿ ವ್ಯಾಸಂಗ ಮಾಡಿದವರು ಪಡೆಯುವ ‘ಲೈಸೆನ್ಶಿಯೇಟ್’ ಪದವಿಯ ಇಟಾಲಿಯನ್ ಹೆಸರೂ ಇದೇ. ಅದು ಬೋಧಿಸಲು ದೊರೆತ ಅನುಮತಿ. ಹಿಂದೆ ‘ಹೋಗಲು ಅಪ್ಪಣೆ ಕೊಡುವುದು’ ಎಂಬ ಸೌಮ್ಯವಾದ ಅರ್ಥವಿದ್ದ ಕ್ರಿಯಾಪದವು ಕಾರ್ಖಾನೆ, ಕಚೇರಿಗಳ ಬಳಕೆಯಲ್ಲಿ ಬಲವಂತದ ಅರ್ಥಕ್ಕೆ ತಿರುಗಿದೆ.

ಎರಡನೆಯದು ‘ದಿಮಿಸ್ಸಿಯೋನೆ’. ಇದು ಲ್ಯಾಟಿನ್ ಭಾಷೆಯ ‘ದಿಮಿತ್ತೆರೆ’ ಎಂಬ ಕ್ರಿಯೆಯಿಂದ ನೇರವಾಗಿ ಬಂದದ್ದು. ಆಂಗ್ಲದ ‘ಡಿಸ್ಮಿಸ್ಸಲ್’ ಪದಕ್ಕೂ ಅದೇ ತಾಯಿಬೇರು. ನೋಟಕ್ಕೆ ಎರಡೂ ಅವಳಿ ಪದಗಳಂತೆ ಕಾಣುವುದರಿಂದ ಅನುವಾದಕನು ಎಡವುವುದೂ ಇಲ್ಲಿಯೇ. ಇಟಾಲಿಯನ್‌ನಲ್ಲಿ ಇದರ ಬಹುವಚನ ‘ದಿಮಿಸ್ಸಿಯೋನಿ’ ಎಂದರೆ ರಾಜೀನಾಮೆ! ಏಕವಚನವು ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸುವ ಸಂದರ್ಭದಲ್ಲಿ ಹಾಗೂ ಧರ್ಮಸಭೆಯ ಕಾನೂನಿನಲ್ಲಿ ಬಳಕೆಯಲ್ಲಿದೆ. ಕೇವಲ ಒಂದು ಸ್ವರದ ವ್ಯತ್ಯಾಸದಿಂದ, ತೆಗೆದುಹಾಕಲ್ಪಟ್ಟವನು ತಾನಾಗಿ ಬಿಟ್ಟುಹೋದವನಾಗಿಬಿಡುತ್ತಾನೆ.

ಮೂರನೆಯದು ‘ಕೊಂಜೇದೊ’. ಸೈನಿಕನು ಸೇವೆ ಮುಗಿಸಿ ಮನೆಗೆ ಹೋಗುವುದು, ತಾಯಿಗೆ ದೊರೆಯುವ ಹೆರಿಗೆ ರಜೆ, ಅತಿಥಿಯು ಮನೆಯವರಿಂದ ಬೀಳ್ಕೊಳ್ಳುವುದು, ಎಲ್ಲವೂ ಈ ಪದದ ವ್ಯಾಪ್ತಿಗೆ ಬರುತ್ತವೆ. ಇದರ ದೂರದ ಮೂಲ ಲ್ಯಾಟಿನ್‌ನ ‘ಕೊಮ್ಮೆಯಾತುಸ್’, ಎಂದರೆ ಸಂಚರಿಸಲು ದೊರೆತ ಅಪ್ಪಣೆ. ಅದೇ ಮೂಲದಿಂದ ಬಂದ ‘ಕೊಮ್ಮಿಯಾತೊ’ ಎಂಬ ಇನ್ನೊಂದು ಪದವೂ ವಿದಾಯವನ್ನೇ ಸೂಚಿಸುತ್ತದೆ. ಇಟಾಲಿಯನ್ ಕಾವ್ಯಪರಂಪರೆಯಲ್ಲಿ ಈ ಎರಡೂ ಪದಗಳಿಗೆ ಒಂದು ವಿಶೇಷಾರ್ಥವಿದೆ. ‘ಕಾನ್ಸೋನೆ’ ಎಂಬ ಗೀತರೂಪದ ಕೊನೆಯ ಕಿರುಚರಣಕ್ಕೆ ಇದೇ ಹೆಸರು. ಅಲ್ಲಿ ಕವಿಯು ತನ್ನ ಹಾಡನ್ನೇ ಸಂಬೋಧಿಸಿ, ಇಂಥವರ ಬಳಿಗೆ ಹೋಗು, ಇಂಥ ಮಾತನ್ನು ತಲುಪಿಸು ಎಂದು ಕಳುಹಿಸಿಕೊಡುವುದುಂಟು. ಹಾಡು ಮುಗಿಯುವ ಸ್ಥಳವೇ ಅದು ಪ್ರಯಾಣ ಹೊರಡುವ ಸ್ಥಳ. ಬಲಿಪೂಜೆಯ ಕೊನೆಯ ವಿಧಿಗೆ ಇಟಾಲಿಯನ್ ಧರ್ಮಸಭೆ ಆರಿಸಿಕೊಂಡಿರುವ ಪದವೂ ‘ಕೊಂಜೇದೊ’ ಎಂಬುದನ್ನು ಮುಂದೆ ನೋಡುತ್ತೇವೆ.

ಕಾನೂನಿನಲ್ಲಿ: ಒಬ್ಬನ ಹೆಸರಿನ ಪ್ರಶ್ನೆ

ತಪ್ಪು ಪದವು ಅತಿ ಹೆಚ್ಚು ನೋವುಂಟುಮಾಡುವ ಕ್ಷೇತ್ರವೆಂದರೆ ಕಾನೂನು. 1983ರ ಕಾನೂನು ಸಂಹಿತೆಯ 290ನೆಯ ವಿಧಿಯಂತೆ, ದೀಕ್ಷೆ ಪಡೆದವನು ಯಾಜಕ ಸ್ಥಾನವನ್ನು ಮೂರು ಬಗೆಯಲ್ಲಿ ಕಳೆದುಕೊಳ್ಳಬಹುದು: ದೀಕ್ಷೆಯೇ ಅಸಿಂಧುವಾಗಿತ್ತೆಂಬ ತೀರ್ಪಿನಿಂದ, ದಂಡನೆಯ ರೂಪದ ‘ದಿಮಿಸ್ಸಿಯೊ’ದಿಂದ, ಅಥವಾ ಪ್ರೇಷಿತ ಪೀಠವು ನೀಡುವ ವಿಶೇಷ ಆದೇಶದಿಂದ. ಎರಡನೆಯದು ಶಿಕ್ಷೆ. ಮೂರನೆಯದು ಸಾಮಾನ್ಯವಾಗಿ ಯಾಜಕನು ತಾನೇ ಬೇಡಿಕೊಂಡಾಗ ಗಂಭೀರ ಕಾರಣಗಳಿಗಾಗಿ ದೊರೆಯುವ ಬಿಡುಗಡೆ. ಧಾರ್ಮಿಕ ಸಭೆಗಳ ಸದಸ್ಯರ ವಿಷಯದಲ್ಲಿಯೂ ಇದೇ ಬಗೆಯ ವ್ಯತ್ಯಾಸವಿದೆ: ಅನುಮತಿ ಪಡೆದು ಸಭೆಯನ್ನು ಬಿಡುವುದು ಒಂದು, 694ರಿಂದ 704ರವರೆಗಿನ ವಿಧಿಗಳಂತೆ ಹೊರಹಾಕಲ್ಪಡುವುದು ಇನ್ನೊಂದು. ಧರ್ಮಕೇಂದ್ರದ ಗುರುವನ್ನು ಅಲ್ಲಿನ ಹೊಣೆಯಿಂದ ಬಿಡಿಸುವುದು ಇವೆರಡಕ್ಕೂ ಹೊರತಾದದ್ದು. ಅದನ್ನು 1740ನೆಯ ವಿಧಿಯಿಂದ ಮುಂದಕ್ಕೆ ಪ್ರತ್ಯೇಕವಾಗಿ ನಿರೂಪಿಸಲಾಗಿದೆ. ಆ ಗುರುವು ಯಾಜಕನಾಗಿಯೇ ಉಳಿಯುತ್ತಾನೆ, ಅವನಲ್ಲಿ ತಪ್ಪಿಲ್ಲದಿದ್ದರೂ ಆ ಕ್ರಮ ನಡೆಯಬಹುದು.

ಇಟಾಲಿಯನ್ ಭಾಷೆ ಈ ಕ್ರಿಯೆಗಳಿಗೆ ಬೇರೆ ಬೇರೆ ಹೆಸರಿಡುತ್ತದೆ. ಶಿಕ್ಷೆಗೆ ‘ದಿಮಿಸ್ಸಿಯೋನೆ’, ಧರ್ಮಕೇಂದ್ರದ ಹೊಣೆಯಿಂದ ಬಿಡಿಸುವುದಕ್ಕೆ ‘ರಿಮೊತ್ಸಿಯೋನೆ’, ತಾನಾಗಿ ಅಧಿಕಾರ ಬಿಡುವುದಕ್ಕೆ ‘ರಿನುಂಚಾ’. ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು 2013ರ ಫೆಬ್ರವರಿ 11ರಂದು ತಮ್ಮ ನಿರ್ಧಾರವನ್ನು ಲ್ಯಾಟಿನ್‌ನಲ್ಲಿ ಪ್ರಕಟಿಸಿದಾಗ ಇಟಲಿಯ ಪತ್ರಿಕೆಗಳು ‘ದಿಮಿಸ್ಸಿಯೋನಿ’ ಎಂದು ಬರೆದವು. ಧರ್ಮಸಭೆಯ ಭಾಷೆಯಲ್ಲಿ ಅದು ‘ರಿನುಂಚಾ’. 332ನೆಯ ವಿಧಿಯಲ್ಲಿರುವ ಲ್ಯಾಟಿನ್ ಪದದ ನೇರ ಸಂತತಿ. ರಾಜೀನಾಮೆಯನ್ನು ಮೇಲಿನವರೊಬ್ಬರು ಅಂಗೀಕರಿಸಬೇಕು. ಪೋಪರ ತ್ಯಾಗವನ್ನು ಯಾರೂ ಅಂಗೀಕರಿಸಬೇಕಾದ ಅಗತ್ಯವಿಲ್ಲವೆಂದು ಅದೇ ವಿಧಿ ಸ್ಪಷ್ಟಪಡಿಸುತ್ತದೆ. ಪದದ ಆಯ್ಕೆಯ ಹಿಂದೆ ಪೋಪರ ಸ್ಥಾನದ ಕುರಿತಾದ ಬೋಧನೆಯೇ ನಿಂತಿದೆ.

ಕನ್ನಡದಲ್ಲಿ ನಾವು ಈ ಎಲ್ಲ ಸಂದರ್ಭಗಳಿಗೂ ‘ವಜಾ’ ಎಂಬ ಒಂದೇ ಪದವನ್ನು ಬಳಸಿದರೆ ಏನಾದೀತು? ತಾನೇ ಬೇಡಿಕೊಂಡು, ಧರ್ಮಸಭೆಯ ಸಮ್ಮತಿಯೊಂದಿಗೆ ಯಾಜಕ ಸ್ಥಾನದಿಂದ ಬಿಡುಗಡೆ ಹೊಂದಿದವನೊಬ್ಬನನ್ನು ಊರಿನ ಜನರು ಅಪರಾಧಿಯೆಂದು ತಿಳಿಯುವರು. ಇದಕ್ಕೆ ವಿರುದ್ಧವಾಗಿ, ಘೋರ ಅಪರಾಧಕ್ಕಾಗಿ ಶಿಕ್ಷೆಗೊಳಗಾದವನ ವಿಷಯದಲ್ಲಿ ‘ಸೇವೆಯಿಂದ ಬಿಡುಗಡೆ’ ಎಂದು ಬರೆದರೆ, ಅವನಿಂದ ನೊಂದವರಿಗೆ ದೊರೆತ ನ್ಯಾಯವನ್ನೇ ಮುಚ್ಚಿಟ್ಟಂತಾಗುತ್ತದೆ. ಯಾರ ಸತ್ಕೀರ್ತಿಗೂ ಅಕ್ರಮವಾಗಿ ಹಾನಿ ಮಾಡಬಾರದೆಂದು 220ನೆಯ ವಿಧಿ ಹೇಳುತ್ತದೆ. ಆ ವಿಧಿ ನ್ಯಾಯಾಧೀಶರಿಗೆ ಅನ್ವಯಿಸುವಷ್ಟೇ ಅನುವಾದಕರಿಗೂ ಧರ್ಮಪ್ರಾಂತ್ಯದ ಪತ್ರಿಕೆಗಳ ಸಂಪಾದಕರಿಗೂ ಅನ್ವಯಿಸುತ್ತದೆ.

ಶುಭಸಂದೇಶದಲ್ಲಿ: ಒಂದೇ ಗ್ರೀಕ್ ಕ್ರಿಯಾಪದ

ಒಂದು ಪದದಲ್ಲಿ ಹಲವು ಕ್ರಿಯೆಗಳು ಅಡಗುವುದು ಆಂಗ್ಲ ಭಾಷೆಯೊಂದರ ದೋಷವೆಂದು ಭಾವಿಸಬಾರದು. ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ‘ಅಪೊಲ್ಯೊ’ ಎಂಬ ಕ್ರಿಯಾಪದವಿದೆ. ಕಟ್ಟು ಬಿಚ್ಚು, ಬಿಡುಗಡೆ ಮಾಡು, ಕಳುಹಿಸು, ಹೆಂಡತಿಯನ್ನು ಬಿಡು ಎಂಬ ಅರ್ಥಗಳೆಲ್ಲವೂ ಅದಕ್ಕುಂಟು. ಪಿಲಾತನು ಯೇಸುವನ್ನು ಬಿಡುಗಡೆ ಮಾಡುವ ಅಧಿಕಾರ ತನಗಿದೆಯೆಂದು ಹೇಳುವಾಗಲೂ, ಹದಿನೆಂಟು ವರ್ಷಗಳಿಂದ ನಡುಬಗ್ಗಿದ್ದ ಸ್ತ್ರೀಗೆ ಯೇಸು ಬಿಡುಗಡೆಯನ್ನು ಸಾರುವಾಗಲೂ ಬರುವುದು ಇದೇ ಪದ. ಬೈಜಾಂಟೈನ್ ಪೂಜಾಪದ್ಧತಿಯಲ್ಲಿ ಕೊನೆಯ ವಿಧಿಗೆ ‘ಅಪೊಲಿಸಿಸ್’ ಎಂಬ ಹೆಸರು ಇಂದಿಗೂ ಇದೆ.

ಇಟಲಿಯ ಧರ್ಮಾಧ್ಯಕ್ಷರ ಸಮ್ಮೇಳನದ ಬೈಬಲ್ ಈ ಒಂದು ಕ್ರಿಯಾಪದವನ್ನು ಹೇಗೆ ಬಿಡಿಸಿದೆ ಎಂಬುದನ್ನು ನೋಡೋಣ. ಮತ್ತಾಯನ ಮೊದಲನೆಯ ಅಧ್ಯಾಯದ 19ನೆಯ ವಚನದಲ್ಲಿ, ಜೋಸೆಫನು ಮರಿಯಳ ವಿಷಯದಲ್ಲಿ ಯೋಚಿಸಿದ್ದನ್ನು ಹೇಳಲು 1974ರ ಆವೃತ್ತಿಯು ‘ಲಿಚೆಂತ್ಸಿಯಾರೆ’ ಎಂಬ ಪದವನ್ನು ಆರಿಸಿತ್ತು. ಹಳೆಯ ಸಾಹಿತ್ಯಿಕ ಅರ್ಥದಲ್ಲಿ ಅದು ಸಲ್ಲುವ ಪದವೇ. ಆದರೆ ಇಂದಿನ ಓದುಗನ ಕಿವಿಗೆ ಜೋಸೆಫನು ಮನೆಗೆಲಸದವಳನ್ನು ಕೆಲಸದಿಂದ ತೆಗೆಯುತ್ತಿರುವಂತೆ ಅದು ಕೇಳಿಸುತ್ತದೆ. 2008ರ ಆವೃತ್ತಿಯಲ್ಲಿ ಆ ಸ್ಥಾನಕ್ಕೆ ‘ರಿಪುದಿಯಾರೆ’ ಬಂದಿತು. ಅದು ವಿವಾಹಬಂಧದ ತ್ಯಜನವನ್ನು ಸೂಚಿಸುವ, ಕಾನೂನಿನ ತೂಕವುಳ್ಳ ಪದ. ಯೆಹೂದ್ಯರ ಪದ್ಧತಿಯಂತೆ ನಿಶ್ಚಿತಾರ್ಥವೂ ಕಾನೂನಿನ ಬಂಧವಾಗಿದ್ದುದರಿಂದ ಈ ತಿದ್ದುಪಡಿ ಸೂಕ್ತವಾಗಿದೆ. ಹದಿನೇಳನೆಯ ಶತಮಾನದಲ್ಲಿ ಜಿನೀವಾದಲ್ಲಿದ್ದ ಜೊವಾನ್ನಿ ದಿಯೊದಾತಿ ಅವರ ಪ್ರಾಟೆಸ್ಟೆಂಟ್ ಭಾಷಾಂತರವು ‘ಬಿಡು’ ಎಂಬರ್ಥದ ಸರಳ ಪದವಾದ ‘ಲಶಾರೆ’ಯನ್ನು ಆರಿಸಿತ್ತು. ಮೂರು ಆಯ್ಕೆಗಳಲ್ಲಿ ಜೋಸೆಫನ ಮೂರು ಬಗೆಯ ಚಿತ್ರಗಳು ಮೂಡುತ್ತವೆ: ಯಜಮಾನ, ಕಾನೂನನ್ನರಿತ ಪತಿ, ನೋವಿನಿಂದ ಹಿಂದೆ ಸರಿಯುವ ಮನುಷ್ಯ.

ಮತ್ತಾಯನ ಹದಿನಾಲ್ಕನೆಯ ಅಧ್ಯಾಯದಲ್ಲಿ ಸಂಜೆಯಾದಾಗ ಶಿಷ್ಯರು ಜನಸಮೂಹವನ್ನು ಕಳುಹಿಸಿಬಿಡುವಂತೆ ಕೇಳುತ್ತಾರೆ. ಹಳ್ಳಿಗಳಿಗೆ ಹೋಗಿ ಅವರು ತಮ್ಮ ಊಟವನ್ನು ತಾವೇ ಕೊಂಡುಕೊಳ್ಳಲಿ ಎಂಬುದು ಅವರ ಸಲಹೆ. ಯೇಸು ಅದಕ್ಕೆ ಒಪ್ಪುವುದಿಲ್ಲ. ರೊಟ್ಟಿಯನ್ನು ಹಂಚಿ ಎಲ್ಲರೂ ತೃಪ್ತರಾದ ಮೇಲೆ, ಅದೇ ಸಮೂಹವನ್ನು ಯೇಸು ತಾವೇ ಕಳುಹಿಸುತ್ತಾರೆ. ಗ್ರೀಕ್‌ನಲ್ಲಿ ಎರಡು ಕಡೆಯೂ ‘ಅಪೊಲ್ಯೊ’. ಇಟಾಲಿಯನ್‌ನಲ್ಲಿ ಎರಡು ಕಡೆಯೂ ‘ಕೊಂಜೆದಾರೆ’. ಮುಂದಿನ ಅಧ್ಯಾಯದಲ್ಲಿ, ಹಸಿದವರನ್ನು ಹಾಗೆಯೇ ಕಳುಹಿಸಲು ತಮಗೆ ಮನಸ್ಸಿಲ್ಲವೆಂದು ಯೇಸು ಹೇಳುವಲ್ಲಿಯೂ ಗ್ರೀಕ್ ಪದ ಅದೇ. ಆದರೆ ಅಲ್ಲಿ ಇಟಾಲಿಯನ್ ಅನುವಾದಕರು ‘ರಿಮಂದಾರೆ’, ಎಂದರೆ ‘ಹಿಂದಕ್ಕೆ ಕಳುಹಿಸು’ ಎಂಬ ಪದಕ್ಕೆ ಹೊರಳಿದ್ದಾರೆ. ಉಣಿಸಿದ ಮೇಲಿನ ಕಳುಹಿಸುವಿಕೆಗೆ ಒಂದು ಪದ, ಉಣಿಸದೆ ಬರಿಗೈಯಲ್ಲಿ ಹಿಂದಿರುಗಿಸುವುದಕ್ಕೆ ಇನ್ನೊಂದು. ಪರಮಪ್ರಸಾದದ ದೈವಶಾಸ್ತ್ರಕ್ಕೆ ಈ ವ್ಯತ್ಯಾಸವು ಬಹಳ ಮುಖ್ಯವಾದದ್ದು. ಜನರು ಉಂಡ ಬಳಿಕವೇ ಕಳುಹಿಸಲ್ಪಡಬೇಕು.

ಪ್ರೇಷಿತರ ಕಾರ್ಯಕಲಾಪಗಳ ಹದಿಮೂರನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂತಿಯೋಕ್ಯದ ಸಭೆಯು ಉಪವಾಸವಿದ್ದು, ಪ್ರಾರ್ಥಿಸಿ, ಬಾರ್ನಬ ಮತ್ತು ಸೌಲರ ಮೇಲೆ ಹಸ್ತಗಳನ್ನಿಟ್ಟು ಅವರನ್ನು ಕಳುಹಿಸಿಕೊಡುತ್ತದೆ. 3ನೆಯ ವಚನದಲ್ಲಿ ಸಭೆಯ ಕ್ರಿಯೆಗೆ ‘ಅಪೊಲ್ಯೊ’ ಬಂದಿದೆ. 4ನೆಯ ವಚನದಲ್ಲಿ ಪವಿತ್ರಾತ್ಮರ ಕ್ರಿಯೆಗೆ ಬೇರೆ ಪದ ಬಂದಿದೆ. ಇಟಾಲಿಯನ್ ಭಾಷಾಂತರವು ಸಭೆಗೆ ‘ಕೊಂಜೆದಾರೆ’, ಪವಿತ್ರಾತ್ಮರಿಗೆ ‘ಇನ್ವಿಯಾರೆ’ ಎಂದು ಭೇದವನ್ನು ಉಳಿಸಿಕೊಂಡಿದೆ. ಸಭೆ ಮಾಡುವುದು ಬಿಟ್ಟುಕೊಡುವ ಕೆಲಸ; ಪ್ರೇಷಣವು ದೇವರದು. ತನಗೆ ಪ್ರಿಯರಾದವರನ್ನು ಹಿಡಿದಿಟ್ಟುಕೊಳ್ಳದೆ ಕೈಸಡಿಲಿಸುವ ಸಭೆಯ ಕ್ರಿಯೆಯೊಳಗೇ ದೇವರ ಕಳುಹಿಸುವಿಕೆ ನಡೆಯುತ್ತದೆ.

ಪೂಜಾವಿಧಿಯಲ್ಲಿ: ‘ಮಿಸ್ಸಾ’ ಎಂಬ ಹೆಸರಿನ ಕಥೆ

ರೋಮನ್ ಬಲಿಪೂಜೆಯನ್ನು ಮುಕ್ತಾಯಗೊಳಿಸುವ ಲ್ಯಾಟಿನ್ ಸೂತ್ರದಲ್ಲಿ ಇರುವುದು ಮೂರೇ ಪದಗಳು. ಮೊದಲನೆಯದು ‘ಹೋಗಿರಿ’ ಎಂಬ ಆಜ್ಞೆ, ಎರಡನೆಯದು ‘ಮಿಸ್ಸಾ’, ಮೂರನೆಯದು ‘ಇದೆ’ ಎಂಬ ಕ್ರಿಯೆ. ಇಲ್ಲಿನ ‘ಮಿಸ್ಸಾ’ ಏನು? ಲ್ಯಾಟಿನ್ ಭಾಷೆಯ ಕೊನೆಯ ಕಾಲದಲ್ಲಿ ‘ಮಿಸ್ಸಿಯೊ’ ಎಂಬ ನಾಮಪದದ ಬದಲಿಗೆ ‘ಮಿಸ್ಸಾ’ ಎಂಬ ರೂಪ ಬಳಕೆಗೆ ಬಂದಿತ್ತು. ‘ಕಳುಹಿಸುವಿಕೆ, ಬೀಳ್ಕೊಡುಗೆ’ ಎಂಬುದೇ ಅದರ ಅರ್ಥ. ‘ಮಿಸ್ಸಿಯೊ’ ಪದಕ್ಕೆ ಸೇನೆಯಲ್ಲಿ ಗೌರವದ ಸ್ಥಾನವಿತ್ತು: ರೋಮನ್ ಸಹಾಯಕ ಪಡೆಗಳ ಸೈನಿಕನು ಇಪ್ಪತ್ತೈದು ವರ್ಷಗಳ ಸೇವೆ ಮುಗಿಸಿದಾಗ ಪಡೆಯುತ್ತಿದ್ದ ಗೌರವದ ಬಿಡುಗಡೆಗೆ ಅದೇ ಹೆಸರು.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಪುಣ್ಯಭೂಮಿಗೆ ಯಾತ್ರೆ ಹೋದ ಎಜೇರಿಯ ಎಂಬ ಮಹಿಳೆಯು ತನ್ನ ಪ್ರವಾಸಕಥನದಲ್ಲಿ ಈ ಪದವನ್ನು ಪದೇ ಪದೇ ಬಳಸುತ್ತಾಳೆ. ಜೆರುಸಲೇಮಿನಲ್ಲಿ ಪ್ರಾರ್ಥನೆಯ ಬಳಿಕ ಜನರು ಧರ್ಮಾಧ್ಯಕ್ಷರ ಹಸ್ತದ ಬಳಿಗೆ ಬಂದು ಆಶೀರ್ವಾದ ಪಡೆದು ಹೊರಡುತ್ತಿದ್ದುದನ್ನು ಆಕೆ ಬಣ್ಣಿಸಿದ್ದಾಳೆ. ಸಂತ ಅಗಸ್ಟೀನರು ತಮ್ಮ ಪ್ರಬೋಧನೆಯೊಂದರಲ್ಲಿ, ಬೋಧನೆಯಾದ ಮೇಲೆ ದೀಕ್ಷಾರ್ಥಿಗಳಿಗೆ ‘ಮಿಸ್ಸಾ’ ಆಗುವುದೆಂದೂ ವಿಶ್ವಾಸಿಗಳು ಉಳಿಯುವರೆಂದೂ ಹೇಳುತ್ತಾರೆ. ಸುಮಾರು 500ರ ಹೊತ್ತಿಗೆ ವಿಯೆನ್ನ್ ಪಟ್ಟಣದ ಧರ್ಮಾಧ್ಯಕ್ಷ ಅವಿತುಸರು ಬರ್ಗಂಡಿಯ ಅರಸ ಗುಂದೊಬಾದನಿಗೆ ಬರೆದ ಪತ್ರದಲ್ಲಿ, ದೇವಾಲಯಗಳಲ್ಲಿ ಮಾತ್ರವಲ್ಲದೆ ಅರಮನೆಗಳಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಜನರನ್ನು ಕಳುಹಿಸುವಾಗ ಈ ಪದವನ್ನು ಸಾರುತ್ತಿದ್ದರೆಂದು ತಿಳಿಸುತ್ತಾರೆ. ಅಂದರೆ ಅದು ಸಾರ್ವಜನಿಕ ಸಭೆಗಳ ಲೌಕಿಕ ಪದವಾಗಿತ್ತು. ಧರ್ಮಸಭೆ ಅದನ್ನು ಎತ್ತಿಕೊಂಡಿತು.

ಮುಂದೆ ವಿಚಿತ್ರವಾದ ಒಂದು ಬದಲಾವಣೆ ನಡೆಯಿತು. ಕೊನೆಯ ವಿಧಿಯ ಹೆಸರು ಇಡೀ ಆರಾಧನೆಯ ಹೆಸರಾಗಿ ಹಬ್ಬಿತು. ಇಟಾಲಿಯನ್‌ನ ‘ಮೆಸ್ಸಾ’, ಆಂಗ್ಲದ ‘ಮಾಸ್’ ಎರಡೂ ಹಾಗೆ ಹುಟ್ಟಿದವು. ಒಮ್ಮೆ ಹಾಗಾದ ಮೇಲೆ ಲ್ಯಾಟಿನ್ ಸೂತ್ರದ ಎರಡನೆಯ ಪದವು ಕೇಳುವವರಿಗೆ ಆರಾಧನೆಯ ಹೆಸರಾಗಿಯೇ ಕೇಳಿಸತೊಡಗಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಸೂತ್ರವನ್ನು ಜನಭಾಷೆಗಳಿಗೆ ತಂದಾಗ ಇಟಾಲಿಯನ್ ಅನುವಾದಕರು ‘ಮೆಸ್ಸಾ’ ಪದದ ಜೊತೆಗೆ ‘ಮುಗಿದಿದೆ’ ಎಂಬರ್ಥದ ‘ಫಿನೀತಾ’ ಪದವನ್ನು ಸೇರಿಸಿದರು. ‘ಹೋಗಿರಿ’ ಎಂಬುದಕ್ಕೆ ಶಾಂತಿಯ ಹಾರೈಕೆಯನ್ನು ಜೋಡಿಸಿದರು. 1973ರ ಆಂಗ್ಲ ಭಾಷಾಂತರದ ಒಂದು ಸೂತ್ರವೂ ಇದೇ ಜಾಡಿನದು. ಲ್ಯಾಟಿನ್‌ನಲ್ಲಿ ‘ಮುಗಿಯಿತು’ ಎಂಬ ಮಾತೇ ಇಲ್ಲ. ಅಲ್ಲಿ ಸಾರುವುದು ಈಗ ಕಳುಹಿಸುವಿಕೆಯ ಸಮಯವೆಂದು. ಇಟಾಲಿಯನ್ ಸಾರುವುದು ಆರಾಧನೆಯು ಸಮಾಪ್ತಿಯಾಯಿತೆಂದು. 1985ರಲ್ಲಿ ನಾನ್ನಿ ಮೊರೆತ್ತಿ ಅವರು ನಿರ್ದೇಶಿಸಿದ, ಯುವ ಯಾಜಕನೊಬ್ಬನ ಒಂಟಿತನದ ಕಥೆಯುಳ್ಳ ಚಲನಚಿತ್ರಕ್ಕೆ ಆ ಸೂತ್ರದ ಮೊದಲರ್ಧವೇ ಶೀರ್ಷಿಕೆಯಾಯಿತು. ಸಮಾಪ್ತಿಯ ಧ್ವನಿಯು ಜನರ ಕಿವಿಯಲ್ಲಿ ಎಷ್ಟು ಆಳವಾಗಿ ನಿಂತಿದೆಯೆಂಬುದಕ್ಕೆ ಇದೊಂದು ಸಾಕ್ಷಿ.

ಆದರೆ ಇಟಲಿಯ ಧರ್ಮಸಭೆ ಅಲ್ಲಿಗೇ ನಿಲ್ಲಲಿಲ್ಲ. 1983ರ ಇಟಾಲಿಯನ್ ಪೂಜಾಗ್ರಂಥದಲ್ಲಿ ಪರ್ಯಾಯ ಸೂತ್ರಗಳಿದ್ದವು. ಅವುಗಳಲ್ಲೊಂದು ಜನರು ತಮ್ಮ ಜೀವಿತದಿಂದ ಪ್ರಭುವನ್ನು ಮಹಿಮೆಪಡಿಸಬೇಕೆಂದು ಹೇಳಿ ಕಳುಹಿಸುತ್ತದೆ. ಪರಮಪ್ರಸಾದವನ್ನು ಕುರಿತ 2005ರ ಸಿನೊಡಿನ ಬಳಿಕ, 2008ರಲ್ಲಿ ಲ್ಯಾಟಿನ್ ಮೂಲಗ್ರಂಥಕ್ಕೇ ಹೊಸ ಸೂತ್ರಗಳು ಸೇರಿದವು. ಒಂದು ಶುಭಸಂದೇಶವನ್ನು ಸಾರಲು ಕಳುಹಿಸುತ್ತದೆ, ಇನ್ನೊಂದು ಜೀವಿತದಿಂದ ಪ್ರಭುವನ್ನು ಮಹಿಮೆಪಡಿಸಲು. ಇಟಾಲಿಯನ್ ಜನರು ಆಗಲೇ ಕೇಳುತ್ತಿದ್ದ ಆಶಯವು ಹೀಗೆ ಲ್ಯಾಟಿನ್‌ನಲ್ಲಿಯೂ ನೆಲೆಗೊಂಡಿತು. 2011ರ ಆಂಗ್ಲ ಭಾಷಾಂತರವೂ ಇವುಗಳನ್ನು ಅಳವಡಿಸಿಕೊಂಡಿತು.

ಧ್ವನಿಯೋ, ಅರ್ಥವೋ?

2007ರಲ್ಲಿ ಹೊರಬಂದ ‘ಸಾಕ್ರಮೆಂತುಮ್ ಕಾರಿತಾತಿಸ್’ ಎಂಬ ಪ್ರೇಷಿತ ಉಪದೇಶಪತ್ರದ 51ನೆಯ ಕಂಡಿಕೆ ಈ ವಿಧಿಯನ್ನೇ ಕುರಿತದ್ದು. ಹಿಂದೆ ಬರೀ ಕಳುಹಿಸುವಿಕೆಯಾಗಿದ್ದ ‘ಮಿಸ್ಸಾ’ ಕ್ರೈಸ್ತ ಬಳಕೆಯಲ್ಲಿ ಆಳಗೊಂಡು ಪ್ರೇಷಣದ ಅರ್ಥವನ್ನು ಪಡೆಯಿತೆಂದು ಪೋಪ್ ಬೆನೆಡಿಕ್ಟ್ ಅಲ್ಲಿ ಬೋಧಿಸುತ್ತಾರೆ. ಆಂಗ್ಲ ರೂಪದಲ್ಲಿ ಈ ವಾದವು ಸಲೀಸಾಗಿ ಸಾಗುತ್ತದೆ, ಏಕೆಂದರೆ ‘ಡಿಸ್ಮಿಸ್ಸಲ್’ ಮತ್ತು ‘ಮಿಷನ್’ ಎರಡರಲ್ಲಿಯೂ ಒಂದೇ ಧ್ವನಿಯಿದೆ. ಇಟಾಲಿಯನ್ ರೂಪದಲ್ಲಿ ತೊಡಕಿದೆ. ಕಂಡಿಕೆಯ ಶೀರ್ಷಿಕೆಯಲ್ಲಿ ವಿಧಿಯ ವಾಡಿಕೆಯ ಹೆಸರಾದ ‘ಕೊಂಜೇದೊ’ ಇದೆ. ಆದರೆ ಆ ಪದಕ್ಕೂ ‘ಮಿಸ್ಸಿಯೋನೆ’ಗೂ ಧ್ವನಿಯ ಸಂಬಂಧವಿಲ್ಲ. ಆದ್ದರಿಂದ ಒಳಗಿನ ವಾಕ್ಯಗಳಲ್ಲಿ ‘ದಿಮಿಸ್ಸಿಯೋನೆ’ ಎಂಬ ಪದವನ್ನು ತಂದು, ಅದು ‘ಮಿಸ್ಸಿಯೋನೆ’ಯಾಗಿ ಮಾರ್ಪಡುವುದನ್ನು ತೋರಿಸಲಾಗಿದೆ. ಶೀರ್ಷಿಕೆಯು ಅರ್ಥವನ್ನು ಕಾಪಾಡಿತು, ವಿವರಣೆಯು ಧ್ವನಿಯನ್ನು ಕಾಪಾಡಿತು. ಎರಡನ್ನೂ ಒಂದೇ ಪದದಲ್ಲಿ ಕಾಪಾಡುವುದು ಆ ಭಾಷೆಗೆ ಸಾಧ್ಯವಾಗಲಿಲ್ಲ.

ಇಲ್ಲಿ ಪ್ರಬೋಧಕರಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಮಿಸ್ಸಾ ಎಂದರೆ ಮಿಷನ್’ ಎಂದು ನಾವು ಪೀಠದಿಂದ ಹೇಳುವುದುಂಟು. ಪದದ ಇತಿಹಾಸವಾಗಿ ಹೇಳಿದರೆ ಅದು ನಿಖರವಲ್ಲ. ಆ ಪದವು ಮೊದಲಿಗೆ ಬೀಳ್ಕೊಡುಗೆಯನ್ನು ಸೂಚಿಸುತ್ತಿತ್ತು. ಪ್ರೇಷಣದ ಅರ್ಥವು ಧರ್ಮಸಭೆಯ ಧ್ಯಾನದಲ್ಲಿ ಅನಂತರ ಬೆಳೆದ ಫಲ. ಪೋಪರ ಪತ್ರವೂ ಈ ಕ್ರಮವನ್ನೇ ಅನುಸರಿಸುತ್ತದೆ. ಅನಂತರ ಬೆಳೆದದ್ದೆಂಬ ಕಾರಣಕ್ಕೆ ಅದು ಕಡಿಮೆ ಸತ್ಯವಾಗುವುದಿಲ್ಲ. ಆದರೂ ಪದಮೂಲವನ್ನೇ ಬೋಧನೆಯ ಆಧಾರವಾಗಿಸಿದರೆ, ಶಬ್ದಕೋಶವನ್ನು ಬಿಚ್ಚಿನೋಡುವ ವಿಶ್ವಾಸಿಯೊಬ್ಬರು ಬೋಧನೆಯನ್ನೇ ಸಂದೇಹಿಸುವಂತಾದೀತು. ಪ್ರೇಷಣದ ಬಲವಾದ ಆಧಾರವು ಅಂತಿಯೋಕ್ಯದ ಸಭೆಯ ಆ ಘಟನೆಯಲ್ಲಿದೆ, ರೊಟ್ಟಿಯನ್ನು ಹಂಚಿದ ಆ ಸಂಜೆಯಲ್ಲಿದೆ.

ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 90ನೆಯ ಕಂಡಿಕೆಯು ಈ ವಿಧಿಯ ಉದ್ದೇಶವನ್ನು ಸರಳವಾಗಿ ಹೇಳುತ್ತದೆ: ಪ್ರತಿಯೊಬ್ಬರೂ ದೇವರನ್ನು ಸ್ತುತಿಸುತ್ತ ತಮ್ಮ ಸತ್ಕಾರ್ಯಗಳಿಗೆ ಮರಳುವುದು. ಅಲ್ಲಿ ಲ್ಯಾಟಿನ್‌ನಲ್ಲಿ ‘ದಿಮಿಸ್ಸಿಯೊ’, ಆಂಗ್ಲದಲ್ಲಿ ‘ಡಿಸ್ಮಿಸ್ಸಲ್’, ಇಟಾಲಿಯನ್‌ನಲ್ಲಿ ‘ಕೊಂಜೇದೊ’. ಜನರ ಪ್ರತಿವಚನವು ಕೃತಜ್ಞತೆಯದು ಎಂಬುದನ್ನೂ ಗಮನಿಸಬೇಕು. ಕೆಲಸದಿಂದ ತೆಗೆಯಲ್ಪಟ್ಟವನು ಕೃತಜ್ಞತೆ ಸಲ್ಲಿಸುವುದಿಲ್ಲ. ಉಂಡು, ಹರಸಲ್ಪಟ್ಟು, ಹೊರಡಲು ಅಪ್ಪಣೆ ಪಡೆದವನು ಸಲ್ಲಿಸುತ್ತಾನೆ. ಕೃತಜ್ಞತೆಯ ಉತ್ತರವನ್ನು ಹೊರಡಿಸಬಲ್ಲ ಪದ ಯಾವುದೋ ಅದೇ ಇಲ್ಲಿ ಸರಿಯಾದ ಪದ. ‘ಕೊಂಜೇದೊ’ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಕನ್ನಡದ ಅನುವಾದಕನಿಗೆ

ನಮ್ಮ ಭಾಷೆಯಲ್ಲಿಯೂ ಪದಗಳಿಗೆ ಕೊರತೆಯಿಲ್ಲ. ‘ವಜಾ’ ಕಚೇರಿಯ ಪದ. ಶಿಕ್ಷೆಯ ಸಂದರ್ಭಕ್ಕೆ ಅದನ್ನು ಮೀಸಲಿಡಬೇಕು. ‘ವಿಸರ್ಜನೆ’ ಎಂದಾಗ ವಿಧಾನಸಭೆಯ ವಿಸರ್ಜನೆಯೂ ಮೂರ್ತಿಯ ವಿಸರ್ಜನೆಯೂ ನೆನಪಾಗುತ್ತವೆ. ಎರಡರಲ್ಲಿಯೂ ಇದ್ದದ್ದು ಕರಗಿಹೋಗುತ್ತದೆ. ಬಲಿಪೂಜೆಯ ಕೊನೆಯಲ್ಲಿ ಕ್ರಿಸ್ತರ ಶರೀರವಾದ ಸಭೆ ಕರಗುವುದಿಲ್ಲ, ಚದುರಿದರೂ ಒಂದಾಗಿಯೇ ಇರುತ್ತದೆ. ‘ಬೀಳ್ಕೊಡುಗೆ’ ಆತ್ಮೀಯವಾದ ಪದ, ಆದರೆ ಇಂದು ಅದು ನಿವೃತ್ತಿಯ ಸಮಾರಂಭವನ್ನೇ ಹೆಚ್ಚಾಗಿ ನೆನಪಿಗೆ ತರುತ್ತದೆ.

‘ಕಳುಹಿಸು’ ಎಂಬ ನಮ್ಮ ದಿನಬಳಕೆಯ ಕ್ರಿಯಾಪದವು ಇವೆಲ್ಲಕ್ಕಿಂತ ಸಮರ್ಥವಾದದ್ದೆಂದು ನಾವು ಭಾವಿಸುತ್ತೇವೆ. ಬಂದ ನೆಂಟರನ್ನು ಬಸ್ಸಿನವರೆಗೆ ಹೋಗಿ ಕಳುಹಿಸಿಕೊಡುತ್ತೇವೆ. ಮಗಳನ್ನು ಗಂಡನ ಮನೆಗೆ ಕಳುಹಿಸಿಕೊಡುತ್ತೇವೆ. ಸುದ್ದಿ ಮುಟ್ಟಿಸಲು ಮಗನನ್ನು ಪಕ್ಕದೂರಿಗೆ ಕಳುಹಿಸುತ್ತೇವೆ. ಅಂತಿಯೋಕ್ಯದ ಸಭೆಯ ಬಿಟ್ಟುಕೊಡುವಿಕೆ, ಪವಿತ್ರಾತ್ಮರ ಪ್ರೇಷಣ ಎಂಬ ಎರಡು ಅರ್ಥಗಳನ್ನೂ ಅದು ಹೊರುತ್ತದೆ. ಇಟಾಲಿಯನ್‌ಗೆ ಎರಡು ಪದಗಳು ಬೇಕಾದ ಕಡೆ ಕನ್ನಡಕ್ಕೆ ಒಂದೇ ಸಾಕಾಗುತ್ತದೆ. ನಮ್ಮ ಧರ್ಮಸಭೆಯ ಕನ್ನಡದಲ್ಲಿ ಯೇಸುವಿನ ಹನ್ನೆರಡು ಮಂದಿಗೆ ‘ಪ್ರೇಷಿತರು’, ಎಂದರೆ ಕಳುಹಿಸಲ್ಪಟ್ಟವರು ಎಂಬ ಹೆಸರಿದೆ. ‘ಮಿಸ್ಸಾ’ ಮತ್ತು ‘ಮಿಷನ್’ ನಡುವಿನ ಧ್ವನಿಸಾಮ್ಯ ನಮಗೆ ದೊರೆಯದಿದ್ದರೇನು? ಭಾನುವಾರ ಕಳುಹಿಸಲ್ಪಡುವ ಜನರು ಪ್ರೇಷಿತರ ಕೆಲಸದಲ್ಲಿ ಪಾಲುದಾರರೆಂದು ಹೇಳಲು ನಮ್ಮಲ್ಲಿಯೇ ಪದಗಳಿವೆ.

ಇದಲ್ಲದೆ, ಕನ್ನಡ ಮನೆಗಳಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಮನೆಯವರೂ ‘ಹೋಗಿ ಬನ್ನಿ’ ಎಂದೇ ಕಳುಹಿಸುತ್ತಾರೆ. ಧರ್ಮಸಭೆ ಅಂಗೀಕರಿಸಿದ ಸೂತ್ರವನ್ನು ನಾವು ಸ್ವಂತ ಇಚ್ಛೆಯಿಂದ ಬದಲಿಸುವಂತಿಲ್ಲ. ಆದರೆ ಧರ್ಮೋಪದೇಶದ ತರಗತಿಯಲ್ಲಿ, ಪ್ರಬೋಧನೆಯಲ್ಲಿ ಆ ಸೂತ್ರವನ್ನು ವಿವರಿಸುವಾಗ, ಮರಳಿ ಬರುವ ನಿರೀಕ್ಷೆಯಿಂದಲೇ ನಮ್ಮನ್ನು ಕಳುಹಿಸಲಾಗುತ್ತಿದೆ ಎಂಬುದನ್ನು ಈ ನುಡಿಯ ಮೂಲಕ ತಿಳಿಸಬಹುದು.

ಆಂಗ್ಲ ಗ್ರಂಥದಲ್ಲಿ ‘ಡಿಸ್ಮಿಸ್ಸಲ್’ ಎದುರಾದಾಗ ಅನುವಾದಕನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಯಾರು ಕಳುಹಿಸುತ್ತಿದ್ದಾರೆ? ಹೋಗುವವನ ಇಚ್ಛೆ ಅದರಲ್ಲಿದೆಯೇ? ಅವನು ಮರಳಿ ಬರುವ ಬಾಗಿಲು ತೆರೆದಿದೆಯೇ? ಅವನು ಹೋಗುವುದು ಏತಕ್ಕಾಗಿ? ಶಿಕ್ಷೆ, ತ್ಯಾಗ, ಬಿಡುಗಡೆ, ಪ್ರೇಷಣ ಎಂಬ ನಾಲ್ಕು ಬೇರೆ ಬೇರೆ ಕ್ರಿಯೆಗಳು ಈ ಉತ್ತರಗಳಿಂದ ಬೇರ್ಪಡುತ್ತವೆ. ಅನುವಾದಕನಲ್ಲದ ಯಾಜಕನಿಗೂ ಇವು ಉಪಯುಕ್ತ ಪ್ರಶ್ನೆಗಳೇ. ವಾರದ ಪ್ರಕಟಣೆಗಳನ್ನೆಲ್ಲ ಓದಿ ಮುಗಿಸಿ ಆತುರದಿಂದ ಆ ಕೊನೆಯ ಸೂತ್ರವನ್ನು ಹೇಳುವಾಗ, ನಾವು ಜನರಿಗೆ ಆರಾಧನೆಯ ಸಮಾಪ್ತಿಯನ್ನು ತಿಳಿಸುತ್ತಿದ್ದೇವೆಯೋ ಅಥವಾ ಅವರನ್ನು ಅವರ ಕೆಲಸಕ್ಕೆ ಕಳುಹಿಸುತ್ತಿದ್ದೇವೆಯೋ ಎಂಬುದು ನಮ್ಮ ಧ್ವನಿಯಲ್ಲಿಯೇ ಗೊತ್ತಾಗುತ್ತದೆ.